ದೇವರು ಕರೀತಿದ್ದಾನೆ ಅನ್ನಿಸ್ತಿದೆ, ಆದರೆ ಭಯ ಹೋಗ್ತಿಲ್ಲ. ಕಾಯಬೇಕಾ, ಹೊರಡಬೇಕಾ?

ಸಾಸಿವೆಕಾಳು
ಎಲ್ಲರಿಗೂ ವಂದನೆ. ಇಷ್ಟು ದಿನ ಬರೀ ಓದ್ತಾ ಇದ್ದೆ, ಇವತ್ತು ಕೇಳಲೇಬೇಕು ಅನ್ನಿಸ್ತು.

ನಮ್ಮ ಸಭೆಯಲ್ಲಿ (ಚರ್ಚಿನಲ್ಲಿ) ಒಂದು ಚಿಕ್ಕ ಗುಂಪು ಇದೆ. ಇನ್ನು ಗುಣವಾಗಲ್ಲ ಅಂತ ವೈದ್ಯರು ಹೇಳಿರೋ ರೋಗಿಗಳ ಪಕ್ಕ ಹೋಗಿ ಕೂರ್ತಾರೆ, ಬೇಕು ಅಂದ್ರೆ ಪ್ರಾರ್ಥನೆ ಮಾಡ್ತಾರೆ, ಮನೆಯವರಿಗೆ ಒಂದಿಷ್ಟು ನಿದ್ದೆ ಮಾಡೋಕೆ ಬಿಡುವು ಕೊಡ್ತಾರೆ. ಆ ಕೆಲಸಕ್ಕೆ ಕರ್ತನು ನನ್ನನ್ನ ಕರೀತಿದ್ದಾನೆ ಅಂತ ಮನಸ್ಸಿಗೆ ಬಲವಾಗಿ ಬರ್ತಿದೆ. ಪ್ರಾರ್ಥನೆಗೆ ಕೂತರೂ ಅದೇ, ವಾಕ್ಯ (ಬೈಬಲ್) ತೆರೆದರೂ ಅದೇ. ಮತ್ತಾಯ 25ರಲ್ಲಿ ರೋಗದಲ್ಲಿದ್ದವರನ್ನ ನೋಡೋಕೆ ಹೋದ ಭಾಗದ ಮೇಲೆ ಪ್ರಸಂಗ ಆದ ಭಾನುವಾರ ನನಗೆ ತಲೆ ಎತ್ತೋಕೇ ಆಗಲಿಲ್ಲ. ನಾನು ಯಾರ ಹತ್ತಿರಾನೂ ಬಾಯಿ ಬಿಟ್ಟಿರಲಿಲ್ಲ. ಆದರೂ ಗುಂಪು ನೋಡ್ಕೊಳ್ಳೋ ಅಕ್ಕ ತಾವಾಗೇ ಬಂದು, "ನೀನು ನಮ್ಮ ಜೊತೆ ಬರ್ತೀಯಾ?" ಅಂದ್ರು.

ಕಷ್ಟ ಏನಂದ್ರೆ, ನನಗೆ ಸಾವು ಅಂದ್ರೆ ವಿಪರೀತ ಭಯ. ಅಪ್ಪ ಹೋದಾಗಿನಿಂದ ಅದು ಇನ್ನೂ ಜಾಸ್ತಿ. ಇನ್ನೊಂದು ಭಯಾನೂ ಇದೆ, ಹೇಳೋಕೆ ಸಂಕೋಚ. ಒಂದು ಸಲ "ಆಗಲಿ ಕರ್ತನೇ" ಅಂದುಬಿಟ್ಟರೆ ಆಮೇಲೆ ಆತ ಇನ್ನೇನೇನು ಕೇಳ್ತಾನೋ ಅಂತ. ಇವತ್ತು ಇದು, ನಾಳೆ ಕೆಲಸ ಬಿಡು ಅಂದ್ರೆ? ಮನೆಯವರನ್ನೇ ಕೇಳಿದ್ರೆ?

ಇಷ್ಟು ಭಯ ಇರೋದು ಈ ಕರೆ ನನ್ನದಲ್ಲ ಅನ್ನೋದಕ್ಕೆ ಗುರುತಾ? ಭಯ ಹೋಗೋವರೆಗೂ ಕಾದು ಆಮೇಲೆ ಹೂಂ ಅನ್ನಬೇಕಾ?

ಜಯಧ್ವನಿ
ಸಿಸ್ಟರ್, ಕರ್ತನಿಗೆ ಸ್ತೋತ್ರ. ಭಯ ದೇವರಿಂದ ಬರುವಂಥದ್ದಲ್ಲ, 2 ತಿಮೊಥೆಯ 1:7 ಓದಿ. ದೇವರು ಕೊಟ್ಟಿರೋದು ಬಲ, ಪ್ರೀತಿ, ಸ್ವಸ್ಥಬುದ್ಧಿ. ಉಳಿದದ್ದೆಲ್ಲ ಶತ್ರುವಿನ ಕೆಲಸ. ಉಪವಾಸ ಇದ್ದು ಯೇಸುವಿನ ಹೆಸರಲ್ಲಿ ಗದರಿಸಿ, ಓಡಿಹೋಗುತ್ತೆ. "ಭಯಪಡಬೇಡ" ಅನ್ನೋ ಮಾತು ಸತ್ಯವೇದದಲ್ಲಿ 365 ಸಲ ಇದೆ, ದಿನಕ್ಕೊಂದರಂತೆ. ಯೋನನ ಹಾಗೆ ಹೆದರಿ ಓಡಬೇಡಿ.

ಮೌನಿ
ಆಮೆನ್.

ಬೆರೋಯದವ
ಜಯಧ್ವನಿ ಬ್ರದರ್, ಮೂರು ಮಾತು.

ಆ 365ರ ಲೆಕ್ಕ ಎಲ್ಲಾ ಕಡೆ ಹರಿದಾಡುತ್ತೆ, ಆದರೆ ಕೂತು ಎಣಿಸಿದರೆ ಅಷ್ಟು ಬರೋದಿಲ್ಲ. ಎಷ್ಟು ಸಲ ಬಂದಿದ್ದರೂ, ಆ ಮಾತು ಯಾರಿಗೆ ಬಂತು ನೋಡಿ. ಭಯದಲ್ಲಿ ಇದ್ದವರಿಗೇ ಬಂತು. ಭಯಪಟ್ಟಿದ್ದಕ್ಕೆ ಅವರನ್ನ ಯಾರೂ ಕೆಲಸದಿಂದ ತೆಗೆಯಲಿಲ್ಲ.

ದೇವರು ನಿನೆವೆ ಪಟ್ಟಣಕ್ಕೆ ಹೋಗು ಅಂದಾಗ ಯೋನ ಹೆದರಿ ಓಡಿದ ಅಂತ ಸಂಡೇ ಸ್ಕೂಲಲ್ಲಿ ಹೇಳಿಕೊಡ್ತಾರೆ. ಅವನ ಬಾಯಿಂದಲೇ ಕಾರಣ ಕೇಳಬೇಕು ಅಂದ್ರೆ 4:2 ಓದಿ. ನೀನು ಕನಿಕರ ಇರುವ ದೇವರು, ನಿನೆವೆಯವರನ್ನು ಕ್ಷಮಿಸಿಬಿಡ್ತೀಯ ಅಂತ ಗೊತ್ತಿತ್ತು, ಅದಕ್ಕೇ ತಾರ್ಷೀಷಿಗೆ ಹೊರಟೆ ಅಂತಾನೆ. ಅದು ಭಯ ಅಲ್ಲ, ಹಗೆ. ಈ ಸಹೋದರಿಯ ವಿಷಯಕ್ಕೂ ಅದಕ್ಕೂ ಸಂಬಂಧ ಇಲ್ಲ.

ಇನ್ನು ತಿಮೊಥೆಯ, ಪೌಲನ ಜೊತೆ ಸೇವೆ ಮಾಡಿದ ಯುವಕ. ಏಳನೇ ವಚನ ಒಂದನ್ನೇ ಕಿತ್ತು ಕೊಡಬೇಡಿ. ನಾಲ್ಕನೇ ವಚನದಲ್ಲಿ ಪೌಲ ಅವನ ಕಣ್ಣೀರನ್ನ ನೆನೆಸ್ಕೊಳ್ತಾನೆ, ಐದರಲ್ಲಿ ಅಜ್ಜಿ ಲೋವಿ, ತಾಯಿ ಯೂನೀಕೆ ಬರ್ತಾರೆ. ಗದರಿಸೋ ಪತ್ರ ಅಲ್ಲ ಅದು, ಬೆನ್ನು ತಟ್ಟೋ ಪತ್ರ. 1 ಕೊರಿಂಥ 16:10ರಲ್ಲಂತೂ ತಿಮೊಥೆಯ ಬಂದರೆ ನಿಮ್ಮ ನಡುವೆ ಭಯವಿಲ್ಲದೆ ಇರುವ ಹಾಗೆ ನೋಡಿಕೊಳ್ಳಿ ಅಂತ ಪೌಲ ಸಭೆಗೆ ಹೇಳ್ತಾನೆ. ತಿಮೊಥೆಯನ ಭಯ ತೆಗೆಯೋ ಜವಾಬ್ದಾರಿಯನ್ನ ಸಭೆಯ ತಲೆ ಮೇಲೆ ಇಟ್ಟಿದ್ದಾನೆ. ನಾವು ಅದನ್ನ ಹೆದರಿದವರ ತಲೆ ಮೇಲೇ ವಾಪಸ್ ಹೊರಿಸ್ತೀವಿ.

ಜಯಧ್ವನಿ
ನಿಮ್ಮ ಓದು ದೊಡ್ಡದು ಬ್ರದರ್, ಆದರೆ ವಾಕ್ಯದ ಖಡ್ಗವನ್ನ ಮೊಂಡು ಮಾಡಬೇಡಿ. ಗಿದ್ಯೋನನ ಸೈನ್ಯದಲ್ಲಿ ಹೆದರಿದವರು ಮನೆಗೆ ಹೋಗಲಿ ಅಂತ ಹೇಳಿದ್ದು ಯಾರು? ದೇವರೇ. 22,000 ಜನ ವಾಪಸ್ ಹೋದ್ರು. ಪ್ರಕಟನೆ 21:8ರಲ್ಲಿ ಬೆಂಕಿಯ ಕೆರೆಗೆ ಬೀಳುವವರ ಪಟ್ಟಿಯಲ್ಲಿ ಮೊದಲು ಬರೋದೇ ಹೇಡಿಗಳು. ಭಯವನ್ನ ಮುದ್ದು ಮಾಡಿದ್ರೆ ಅದು ಬೆಳೆಯುತ್ತೆ. ಇದು ನಾನು ಕಣ್ಣಾರೆ ಕಂಡಿದ್ದು. ಕರೆ ಬಂದಾಗ ಆಮೇಲೆ ಆಮೇಲೆ ಅಂತ ಮುಂದೂಡಿ ಕೊನೆಗೆ ಆತ್ಮಿಕವಾಗಿ ಒಣಗಿ ಹೋದವರು ನನಗೆ ಗೊತ್ತು. ಸಿಸ್ಟರ್ ಮೇಲೆ ಪ್ರೀತಿ ಇಲ್ಲದೆ ನಾನು ಹೇಳ್ತಿಲ್ಲ.

ಬೆರೋಯದವ
ಪ್ರೀತಿ ಇದೆ ಅಂತ ಒಪ್ತೀನಿ. ಮುಂದೂಡಿದರೆ ಭಯ ಬೆಳೆಯುತ್ತೆ ಅನ್ನೋದನ್ನೂ ಒಪ್ತೀನಿ.

ಆದರೆ ಗಿದ್ಯೋನನ ಕಥೆಯನ್ನ ಪೂರ್ತಿ ಓದಿ. ಕರೆ ಬಂದಾಗ ಅವನು ಮಿದ್ಯಾನ್ಯರ ಕಣ್ಣಿಗೆ ಬೀಳದ ಹಾಗೆ ದ್ರಾಕ್ಷೆಯ ಆಲೆಯಲ್ಲಿ ಗೋದಿ ಬಡೀತಿದ್ದ. ಬಾಳನ ಯಜ್ಞವೇದಿ ಕೆಡವು ಅಂದಾಗ ಮನೆಯವರಿಗೆ, ಊರವರಿಗೆ ಹೆದರಿ ರಾತ್ರಿ ಹೊತ್ತು ಕೆಡವಿದ (ನ್ಯಾಯಸ್ಥಾಪಕರು 6:27). ರಾತ್ರಿ ಕೆಡವಿದ್ದಕ್ಕೆ ದೇವರು ಒಂದು ಮಾತೂ ಆಡಲಿಲ್ಲ. 22,000 ಜನರನ್ನ ಕಳಿಸಿದ ಮೇಲೆ, 300 ಜನ ಉಳಿದ ಮೇಲೆ, ಯುದ್ಧ ನಡೆದ ರಾತ್ರಿಯೇ, ದಾಳಿಗೆ ಮುಂಚೆ ದೇವರು ಗಿದ್ಯೋನನಿಗೆ ಏನಂದ? ಪಾಳೆಯಕ್ಕೆ ಇಳಿಯೋಕೆ ನಿನಗೆ ಭಯ ಇದ್ದರೆ ನಿನ್ನ ಸೇವಕ ಪುರನನ್ನ ಜೊತೆಗೆ ಕರ್ಕೊಂಡು ಹೋಗು ಅಂದ (7:10). ಮುಂದಿನ ವಚನದಲ್ಲೇ ಇಬ್ಬರೂ ಇಳಿದು ಹೋಗ್ತಾರೆ. ಅಂದ್ರೆ ಅವನಿಗೆ ಭಯ ಇತ್ತು, ದೇವರಿಗೂ ಅದು ಗೊತ್ತಿತ್ತು, ಜೊತೆಗೆ ಒಬ್ಬನನ್ನ ಕೊಟ್ಟ.

ಮನೆಗೆ ಹೋದವರಿಗೂ ಶಿಕ್ಷೆ ಆಗಲಿಲ್ಲ. ಧರ್ಮೋಪದೇಶಕಾಂಡ 20:8ರಲ್ಲಿ ಆ ನಿಯಮ ಮೊದಲೇ ಇತ್ತು. ಪ್ರಕಟನೆಯಲ್ಲಿ ಹೇಳಿರೋದು ಹಿಂಸೆ ಬಂದಾಗ ಕ್ರಿಸ್ತನನ್ನೇ ಬಿಟ್ಟುಕೊಡುವವರನ್ನ. ಸಾಯುತ್ತಿರುವವರ ಹತ್ತಿರ ಹೋಗೋಕೆ ಅಳುಕುವ ಹೆಣ್ಣುಮಗಳಿಗೆ ಆ ವಚನ ತೋರಿಸೋದು ಅನ್ಯಾಯ.

ರಾತ್ರಿಪಾಳಿ
ಪುರನ ಬಗ್ಗೆ ನಾನು ಯಾವತ್ತೂ ಗಮನಿಸಿರಲಿಲ್ಲ. ಥ್ಯಾಂಕ್ಸ್.

ನಡುದಾರಿ
ನಾನು ಸ್ವಲ್ಪ ಬೇರೆ ದಿಕ್ಕಿನಿಂದ ಕೇಳ್ತೀನಿ, ಬೇಜಾರಾಗಬೇಡಿ. ಇದು "ಕರೆ" ಅಂತ ಇಷ್ಟು ಬೇಗ ಯಾಕೆ ಗಟ್ಟಿ ಮಾಡ್ತಿದ್ದೀರಿ? ಸಭೆಗಳಲ್ಲಿ ಆ ಮಾತನ್ನ ತುಂಬಾ ಅಗ್ಗ ಮಾಡಿದ್ದೀವಿ. ಎಲ್ಲೋ ಆಳು ಕಡಿಮೆ ಬಿದ್ದರೆ "ದೇವರು ನಿನ್ನನ್ನ ಕರೀತಿದ್ದಾನೆ" ಅಂತಾರೆ. ಬೇಡ ಅಂದ್ರೆ ಅವಿಧೇಯತೆ ಅಂತಾರೆ. ಹೀಗೆ ಎಳೆಸ್ಕೊಂಡು ಹೋಗಿ ಸುಸ್ತಾದವರು ಆಮೇಲೆ ಸಭೆಗೇ ಬರೋದು ನಿಲ್ಲಿಸ್ತಾರೆ.

ಇನ್ನೊಂದು ಮಾತು. ಅಪ್ಪನನ್ನ ಕಳ್ಕೊಂಡ ದುಃಖ ಇನ್ನೂ ಹಸಿಯಾಗಿದ್ದರೆ ಆ ದುಃಖವೇ ಈ ಕೆಲಸದ ಕಡೆ ಎಳೀತಿರಬಹುದು. ಅದು ತಪ್ಪು ಅಂತಲ್ಲ. ಆದರೆ ಬೇರೆಯವರ ಮರಣಶಯ್ಯೆಯ ಪಕ್ಕ ಕೂತು ನಮ್ಮ ಅಪ್ಪನಿಗಾಗಿ ಅಳೋದು ಅವರಿಗೂ ಒಳ್ಳೇದಲ್ಲ, ನಮಗೂ ಅಲ್ಲ.

ಗೋಪುರ ಕಟ್ಟೋ ಮುಂಚೆ ಕೂತು ಖರ್ಚು ಲೆಕ್ಕ ಹಾಕಬೇಕು ಅಂತ ಯೇಸುವೇ ಹೇಳಿದ್ದು (ಲೂಕ 14:28). ನೆಹೆಮೀಯ ಯೆರೂಸಲೇಮಿನ ಸುದ್ದಿ ಕೇಳಿದ ಮೇಲೆ ಕಿಸ್ಲೇವ್ ತಿಂಗಳಿನಿಂದ ನೈಸಾನ್ ತಿಂಗಳವರೆಗೆ, ಅಂದ್ರೆ ಸುಮಾರು ನಾಲ್ಕು ತಿಂಗಳು, ಪ್ರಾರ್ಥನೆ ಮಾಡ್ತಾ ಕಾದ. ರಾಜನ ಮುಂದೆ ಬಾಯಿ ತೆರೆಯೋ ಹೊತ್ತಿಗೆ ಯಾವ ಅಧಿಪತಿಗಳಿಗೆ ಪತ್ರ ಬೇಕು, ಮರ ಎಲ್ಲಿಂದ ಬರಬೇಕು ಅನ್ನೋದೆಲ್ಲ ತಲೆಯಲ್ಲಿತ್ತು. ಲೆಕ್ಕ ಹಾಕೋದು ಅಪನಂಬಿಕೆ ಅಲ್ಲ.

ಜಯಧ್ವನಿ
ಅದೇ ನೆಹೆಮೀಯ 2:2ರಲ್ಲಿ ಬಹಳ ಭಯಪಟ್ಟೆ ಅಂತಾನೆ, ಮೂರನೇ ವಚನದಲ್ಲಿ ಮಾತಾಡಿಯೇ ಬಿಡ್ತಾನೆ. ನಾನು ಹೇಳ್ತಿರೋದೂ ಅದನ್ನೇ. ಮಾತಾಡಲೇಬೇಕಾದ ದಿನ ಒಂದು ಬಂದೇ ಬರುತ್ತೆ.

ನಡುದಾರಿ
ಇದನ್ನ ಪೂರ್ತಿ ಒಪ್ತೀನಿ.

ನಿವೃತ್ತ ಸಭಾಪಾಲಕ
ತಂಗಿ, ನಿನ್ನ ಪ್ರಶ್ನೆಯನ್ನು ಎರಡು ಸಲ ಓದಿದೆ. ಭಯ ಹೋದ ಮೇಲೆ ಹೊರಡಲೋ ಎಂದು ಕೇಳಿದ್ದೀಯ. ವಿಮೋಚನಕಾಂಡ 3 ಮತ್ತು 4ನೇ ಅಧ್ಯಾಯಗಳನ್ನು ನಿಧಾನವಾಗಿ ಓದು ಎಂದು ಕೇಳಿಕೊಳ್ಳುತ್ತೇನೆ. ಸೇವೆಯಲ್ಲಿದ್ದ ಕಾಲವೆಲ್ಲ ನಾನು ಮತ್ತೆ ಮತ್ತೆ ಹೋಗಿ ನಿಂತದ್ದು ಅಲ್ಲೇ.

ಇಸ್ರಾಯೇಲ್ಯರನ್ನು ಐಗುಪ್ತದಿಂದ ಕರೆತರಲು ದೇವರು ಕರೆದಾಗ ಮೋಶೆ ಐದು ಸಲ ಹಿಂಜರಿಯುತ್ತಾನೆ. ನಾನೆಷ್ಟರವನು ಎನ್ನುತ್ತಾನೆ, ನಿನ್ನ ಹೆಸರೇನು ಎಂದು ಕೇಳಿದರೆ ಏನು ಹೇಳಲಿ ಎನ್ನುತ್ತಾನೆ, ಅವರು ನಂಬುವುದಿಲ್ಲ, ನನ್ನ ನಾಲಿಗೆ ಮಂದ, ಕೊನೆಗೆ ಬೇರೆ ಯಾರನ್ನಾದರೂ ಕಳಿಸು. ಮೊದಲ ನಾಲ್ಕಕ್ಕೆ ದೇವರು ತಾಳ್ಮೆಯಿಂದ ಉತ್ತರ ಕೊಡುತ್ತಾನೆ. ನಾನೆಷ್ಟರವನು ಎಂಬ ಪ್ರಶ್ನೆಗೆ "ನೀನು ಸಮರ್ಥ, ಅರಮನೆಯಲ್ಲಿ ಬೆಳೆದವನು" ಎಂದು ಹೇಳಬಹುದಿತ್ತು. ಹಾಗೆ ಹೇಳಲಿಲ್ಲ. ನಾನು ನಿನ್ನ ಸಂಗಡ ಇರುತ್ತೇನೆ ಎಂದ. ಮೋಶೆಯ ಯೋಗ್ಯತೆಯ ಮಾತನ್ನೇ ಎತ್ತಲಿಲ್ಲ.

ಅದೇ ವಚನದಲ್ಲಿ ಒಂದು ಗುರುತನ್ನೂ ಕೊಡುತ್ತಾನೆ. ಏನದು? ಜನರನ್ನು ಐಗುಪ್ತದಿಂದ ಕರೆತಂದ ಮೇಲೆ ಇದೇ ಬೆಟ್ಟದಲ್ಲಿ ನನ್ನನ್ನು ಆರಾಧಿಸುವಿರಿ ಎಂಬುದು. ಅಂದರೆ ಗುರುತು ಸಿಗುವುದು ಫರೋಹನ ಮುಂದೆ ನಿಂತು, ಸಮುದ್ರ ದಾಟಿ ಬಂದ ನಂತರ. ಮುಂಗಡವಾಗಿ ಖಾತರಿ ಕೇಳುವ ನಮ್ಮಂಥವರಿಗೆ ಇದು ಕಷ್ಟದ ಮಾತು, ನನಗೂ ಕಷ್ಟವೇ.

ದೇವರಿಗೆ ಕೋಪ ಬಂದದ್ದು ಐದನೆಯದಕ್ಕೆ. ಭಯ ಹೇಳಿಕೊಂಡದ್ದಕ್ಕೆ ಬಂದ ಕೋಪ ಅಲ್ಲ ಅದು, ಎಲ್ಲ ಉತ್ತರ ಕೇಳಿದ ಮೇಲೂ ಬೇಡವೇ ಬೇಡ ಎಂದಾಗ ಬಂದದ್ದು. ಆ ಕೋಪದಲ್ಲೂ ಆತ ಹೇಳಿದ್ದು, ನಿನ್ನ ಅಣ್ಣ ಆರೋನ ನಿನ್ನನ್ನು ನೋಡಲು ಆಗಲೇ ಹೊರಟು ಬರುತ್ತಿದ್ದಾನೆ ಎಂದು. ಮೋಶೆಯ ವಾದ ಮುಗಿಯುವ ಮೊದಲೇ ಸಹಾಯ ದಾರಿಯಲ್ಲಿತ್ತು. ನಿನ್ನ ಗುಂಪಿನ ಅಕ್ಕ ತಾವಾಗಿಯೇ ಬಂದು ಕೇಳಿದರು ಎಂದು ಬರೆದಿದ್ದೀಯಲ್ಲ, ಅದನ್ನು ಓದಿದಾಗ ನನಗೆ ಆರೋನ ನೆನಪಾದ.

ಆಗ ಮೋಶೆಗೆ 80 ವರ್ಷ, ಆರೋನನಿಗೆ 83. ವಯಸ್ಸಾದ ಮೇಲೂ ಭಯ ಇರುತ್ತದೆ ಎಂದು ಈ ಮುದುಕನೂ ಸಾಕ್ಷಿ ಹೇಳುತ್ತೇನೆ.

ಮೂರು ಮಕ್ಕಳ ತಾಯಿ
ಅಯ್ಯನವರೇ, ಓದಿ ಕಣ್ಣು ತುಂಬಿ ಬಂತು. ವಿಷಯ ಸ್ವಲ್ಪ ಬೇರೆ, ಆದರೂ ಕೇಳ್ತೀನಿ. ಕರೆ ಬಂದವರ ಭಯದ ಬಗ್ಗೆ ಎಲ್ಲರೂ ಮಾತಾಡ್ತೀರಿ. ಮನೆಯವರ ಭಯ? ನನ್ನ ದೊಡ್ಡ ಮಗ ಗುರುಮಠಕ್ಕೆ (ಪಾದ್ರಿಯಾಗೋಕೆ ಓದೋ ಸೆಮಿನರಿಗೆ) ಸೇರ್ತೀನಿ ಅಂತಿದ್ದಾನೆ. ನಾವು ಕಥೋಲಿಕರು. ದೇವರಿಗೆ ಕೊಡೋಕೆ ಮನಸ್ಸಿಲ್ಲ ಅಂತಲ್ಲ. ಆದರೆ ಅವನು ಒಂಟಿಯಾಗಿಬಿಡ್ತಾನೆ, ನಾಳೆ ಬೇಡ ಅನ್ನಿಸಿದ್ರೆ ಏನು ಗತಿ ಅಂತ ರಾತ್ರಿ ನಿದ್ದೆ ಬರಲ್ಲ. ಅವನಿಗಿಂತ ನನಗೇ ಹೆಚ್ಚು ಭಯ.

ಗುರುಮಠದ ಹಾದಿ
ಅಮ್ಮಾ, ನಾನು ಈಗ ಗುರುಮಠದಲ್ಲೇ ಓದ್ತಿದ್ದೀನಿ. ನನ್ನ ತಾಯಿಯೂ ಇದೇ ಕೇಳಿದ್ರು. ಗುರುದೀಕ್ಷೆಗೆ ಮುಂಚೆ ಬರೋ ಅಷ್ಟೂ ವರ್ಷಗಳ ಉದ್ದೇಶ ಕರೆಯನ್ನ ಪರೀಕ್ಷಿಸೋದು. ನಡುವೆ ಇದು ನನ್ನ ದಾರಿ ಅಲ್ಲ ಅಂತ ಗೊತ್ತಾಗಿ ಹೊರಗೆ ಹೋಗೋದು ಸೋಲು ಅಲ್ಲ. ಹೋದವರು ನನ್ನ ಒಳ್ಳೆ ಗೆಳೆಯರು, ಚೆನ್ನಾಗಿದ್ದಾರೆ. ನಿಮ್ಮ ಭಯವನ್ನ ಮಗನಿಗೆ ಹೇಳಿ, ಮುಚ್ಚಿಡಬೇಡಿ. ಹನ್ನಳು ಸಮುವೇಲನನ್ನ ದೇವಾಲಯದಲ್ಲಿ ಬಿಟ್ಟ ಮೇಲೂ ಪ್ರತಿ ವರ್ಷ ಚಿಕ್ಕ ಅಂಗಿ ಹೊಲಿದು ತಗೊಂಡು ಹೋಗ್ತಿದ್ದಳು. ಕೊಟ್ಟ ಮೇಲೂ ಅವಳು ತಾಯಿಯೇ.

ಸಾಸಿವೆಕಾಳು ಅಕ್ಕ, ನಿಮಗೆ ನಮ್ಮ ಪರಂಪರೆಯಿಂದ ಒಂದೆರಡು ವಿಷಯ. ಯೇಸುಸಭೆ ಸ್ಥಾಪಿಸಿದ ಸಂತ ಇಗ್ನೇಷಿಯಸ್ ಲೊಯೊಲಾ ಕೊಟ್ಟ ಒಂದು ನಿಯಮ ಹೀಗಿದೆ: ಮನಸ್ಸು ಕತ್ತಲಲ್ಲಿ ಇರುವಾಗ, ಬರಡಾಗಿ, ಕಳವಳದಲ್ಲಿ ಇರುವಾಗ, ಮೊದಲು ಬೆಳಕಿನಲ್ಲಿ ಮಾಡಿದ ನಿರ್ಧಾರವನ್ನ ಬದಲಾಯಿಸಬೇಡ. ಹಾಗಾಗಿ ಭಯ ಬಂದ ರಾತ್ರಿ "ಬೇಡ" ಅಂತ ಮುಗಿಸಿಬಿಡಬೇಡಿ. ಭಾವಾವೇಶದಲ್ಲಿ ದೊಡ್ಡ ಹರಕೆಯನ್ನೂ ಹೊರಬೇಡಿ, ಆ ಎಚ್ಚರಿಕೆಯನ್ನೂ ಅವರೇ ಕೊಟ್ಟಿದ್ದಾರೆ.

4ನೇ ಶತಮಾನದ ನಾಜಿಯಾಂಜಸಿನ ಸಂತ ಗ್ರೆಗರಿ ನಮಗೆಲ್ಲ ಧೈರ್ಯ. ಧರ್ಮಾಧ್ಯಕ್ಷರಾಗಿದ್ದ (ಬಿಷಪ್) ತಂದೆಯೇ ಒತ್ತಾಯ ಮಾಡಿ ಗುರುದೀಕ್ಷೆ ಕೊಟ್ಟಾಗ ಅವರು ಓಡಿಹೋಗಿ ಗೆಳೆಯ ಬಾಸಿಲರ ಹತ್ತಿರ ಸೇರ್ಕೊಂಡ್ರು. ಆಮೇಲೆ ತಾವೇ ವಾಪಸ್ ಬಂದು, ಯಾಕೆ ಓಡಿದೆ, ಯಾಕೆ ಬಂದೆ ಅಂತ ಉದ್ದದ ವಿವರಣೆ ಬರೆದ್ರು. ಕುರುಬನಾಗೋ ಭಾರ ಎಂಥದ್ದು ಅನ್ನೋದರ ಬಗ್ಗೆ ಇವತ್ತಿಗೂ ಗುರುಗಳಾಗುವವರು ಅದನ್ನ ಓದ್ತಾರೆ. ಆ ಭಯ ಇಲ್ಲದಿದ್ದರೆ ಆ ಬರಹವೇ ಇರ್ತಿರಲಿಲ್ಲ.

ಮೌನಿ
ಮದರ್ ತೆರೇಸಾ ಅವರೂ ಕಾದರು. 1946ರ ಸೆಪ್ಟೆಂಬರ್ 10ರಂದು ರೈಲಿನಲ್ಲಿ ಕರೆ ಬಂತು, ಕಾನ್ವೆಂಟ್ ಬಿಟ್ಟು ಹೊರಡೋಕೆ ಅನುಮತಿ ಸಿಕ್ಕಿದ್ದು 1948ರಲ್ಲಿ.

ಜಯಧ್ವನಿ
ಸಂತರ ಬಗ್ಗೆ ನನಗೆ ಹೆಚ್ಚು ಗೊತ್ತಿಲ್ಲ. ಆದರೆ ಓಡಿದವನು ವಾಪಸ್ ಬಂದ ಅನ್ನೋದು ಮುಖ್ಯ. 1 ಯೋಹಾನ 4:18ನ್ನ ಯಾರೂ ಹೇಳಲಿಲ್ಲವಲ್ಲ. ಪೂರ್ಣ ಪ್ರೀತಿ ಭಯವನ್ನ ಹೊರಗೆ ಹಾಕುತ್ತೆ.

ನಿವೃತ್ತ ಸಭಾಪಾಲಕ
ಸಹೋದರ, ಆ ವಚನದ ಹಿಂದಿನದನ್ನೂ ಸೇರಿಸಿ ಓದಿ. ಅಲ್ಲಿ ಯೋಹಾನನು ಮಾತಾಡುತ್ತಿರುವುದು ನ್ಯಾಯತೀರ್ಪಿನ ದಿನದ ಬಗ್ಗೆ, ದಂಡನೆಯ ಭಯದ ಬಗ್ಗೆ. ಕ್ರಿಸ್ತನಲ್ಲಿ ಇರುವವನಿಗೆ ಆ ಭಯ ಬೇಡ. ಕತ್ತಲ ಕೋಣೆಗೆ ಕಾಲಿಡುವಾಗ ಎದೆ ಹೊಡೆದುಕೊಳ್ಳುವುದು ಬೇರೆ ವಿಷಯ. ಶಿಲುಬೆಗೆ ಹೋಗುವ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ನಮ್ಮ ಕರ್ತನು ಕಳವಳಗೊಂಡನೆಂದು ಮಾರ್ಕನು ಬರೆದಿದ್ದಾನೆ, ಈ ಪಾತ್ರೆಯನ್ನು ನನ್ನಿಂದ ತೊಲಗಿಸು ಎಂದು ಬೇಡಿಕೊಂಡನೆಂದೂ ಬರೆದಿದ್ದಾನೆ. ಆತನ ಪ್ರೀತಿ ಅಪೂರ್ಣವಾಗಿತ್ತೇ?

ಜಯಧ್ವನಿ
ಇಲ್ಲ ಅಯ್ಯನವರೇ. ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇಲ್ಲ. ಯೋಚಿಸ್ತೀನಿ.

ಸಾಸಿವೆಕಾಳು
ಇಷ್ಟು ಜನ ಬರೀತೀರಿ ಅಂತ ಅಂದ್ಕೊಂಡಿರಲಿಲ್ಲ. ಎಲ್ಲರ ಮಾತನ್ನೂ ಓದಿದೆ. ನಡುದಾರಿಯವರ ಮಾತು ಚುಚ್ಚಿತು, ಆದರೆ ಬೇಕಿತ್ತು. ಅಪ್ಪ ಹೋಗಿ ವರ್ಷಗಳಾಗಿವೆ, ದುಃಖ ಹಸಿಯಾಗಿಲ್ಲ. ಭಯ ಮಾತ್ರ ಹಾಗೇ ಇದೆ. ಕೊನೆಯ ಹೊತ್ತಲ್ಲಿ ಅವರ ಉಸಿರಾಟದ ಸದ್ದು ಬದಲಾಯಿತು, ಏನಾಗ್ತಿದೆ ಅಂತ ಯಾರೂ ಹೇಳಲಿಲ್ಲ. ಆ ಸದ್ದು ಇನ್ನೂ ಕಿವಿಯಲ್ಲಿದೆ.

ಅಯ್ಯನವರೇ, ನನ್ನ ಎರಡನೇ ಭಯಕ್ಕೆ ಯಾರೂ ಉತ್ತರ ಹೇಳಲಿಲ್ಲ. ಹೂಂ ಅಂದಮೇಲೆ ದೇವರು ಇನ್ನೂ ಕೇಳ್ತಾ ಹೋದ್ರೆ?

ರಾತ್ರಿಪಾಳಿ
ಸಾಸಿವೆಕಾಳು, ನಾನು ನರ್ಸ್, ಪ್ಯಾಲಿಯೇಟಿವ್ ಕೇರ್ (ಗುಣವಾಗದ ರೋಗಿಗಳ ನೋವು, ಕಷ್ಟ ಕಡಿಮೆ ಮಾಡೋ ಆರೈಕೆ) ವಾರ್ಡಿನಲ್ಲಿ ಕೆಲಸ. ಆ ಉಸಿರಿನ ಬಗ್ಗೆ ನಾನು ಹೇಳ್ತೀನಿ, ಯಾಕಂದ್ರೆ ಆವತ್ತು ಯಾರಾದ್ರೂ ನಿಮಗೆ ಹೇಳಬೇಕಿತ್ತು.

ಸಾವು ಹತ್ತಿರ ಬಂದಾಗ ನುಂಗೋಕೆ, ಕೆಮ್ಮೋಕೆ ಶಕ್ತಿ ಇರಲ್ಲ. ಗಂಟಲಲ್ಲಿ ನಿಂತ ದ್ರವದ ಮೇಲೆ ಗಾಳಿ ಓಡಾಡಿ ಗೊರಗೊರ ಸದ್ದು ಬರುತ್ತೆ. ಕೇಳುವವರಿಗೆ ಉಸಿರು ಕಟ್ಟಿದ ಹಾಗೆ ಅನ್ನಿಸುತ್ತೆ. ಆದರೆ ಆ ಹೊತ್ತಿಗೆ ರೋಗಿಗೆ ಸಾಮಾನ್ಯವಾಗಿ ಪೂರ್ತಿ ಎಚ್ಚರ ಇರಲ್ಲ, ಅದರಿಂದ ಅವರಿಗೆ ಹಿಂಸೆ ಆಗ್ತಿದೆ ಅಂತ ನಾವು ಅಂದ್ಕೊಳ್ಳೋದಿಲ್ಲ. ಉಸಿರು ಜೋರಾಗಿ, ಆಮೇಲೆ ಸಣ್ಣದಾಗಿ, ನಡುವೆ ಸ್ವಲ್ಪ ಹೊತ್ತು ನಿಂತು, ಮತ್ತೆ ಶುರುವಾಗೋದೂ ಇದೆ. ಕೈಕಾಲು ತಣ್ಣಗಾಗುತ್ತೆ, ಬಣ್ಣ ಬದಲಾಗುತ್ತೆ. ಊಟ, ನೀರು ಬೇಡವಾಗುತ್ತೆ, ದೇಹಕ್ಕೆ ಅದರ ಅಗತ್ಯ ಇರಲ್ಲ. ಇವೆಲ್ಲ ದೇಹ ನಿಲ್ಲುವಾಗ ನಡೆಯೋ ಕ್ರಮ.

ನಾನೂ ಪ್ರಾರ್ಥನೆ ಮಾಡ್ಕೊಂಡೇ ವಾರ್ಡಿಗೆ ಹೋಗೋದು. ಆದರೆ ನನ್ನ ಭಯದಲ್ಲಿ ದೊಡ್ಡ ಪಾಲು ಹೋಗಿದ್ದು ಮುಂದೆ ಏನಾಗುತ್ತೆ ಅಂತ ಹಿರಿಯ ನರ್ಸ್ ಒಬ್ಬರು ಪಕ್ಕದಲ್ಲಿ ನಿಂತು ವಿವರಿಸಿದಾಗ. ಕಲಿಯೋದೂ ದೇವರ ಉತ್ತರವೇ ಅಂತ ನಾನು ನಂಬ್ತೀನಿ. ನಿಮ್ಮ ಗುಂಪಿನ ಅಕ್ಕನನ್ನ ಕೇಳಿ, ತರಬೇತಿ ಕೊಡ್ತಾರಾ ಅಂತ. ಮೊದಮೊದಲು ಇಬ್ಬರು ಒಟ್ಟಿಗೆ ಹೋಗೋ ಪದ್ಧತಿ ಇದೆಯಾ ಅಂತ. ಹೋಗಿ ಬಂದ ಮೇಲೆ ಮನಸ್ಸಲ್ಲಿ ಇರೋದನ್ನ ಹೇಳ್ಕೊಳ್ಳೋಕೆ ಯಾರಾದ್ರೂ ಇರ್ತಾರಾ ಅಂತಾನೂ ಕೇಳಿ. ಇಲ್ಲ ಅಂದ್ರೆ ಮೊದಲು ಅದನ್ನ ಸರಿಮಾಡಲಿ. ಹತ್ತಿರದವರನ್ನ ಇತ್ತೀಚೆಗಷ್ಟೇ ಕಳ್ಕೊಂಡವರನ್ನ ಒಳ್ಳೆ ಗುಂಪುಗಳು ಸ್ವಲ್ಪ ಕಾಲ ಕಾಯಿಸ್ತವೆ. ನಡುದಾರಿಯವರು ಹೇಳಿದ್ದು ಅದಕ್ಕೇ ಸರಿ.

ಸಾಸಿವೆಕಾಳು
ಅಪ್ಪನಿಗೆ ಹಿಂಸೆ ಆಗಿರಲಿಕ್ಕಿಲ್ಲ ಅಂತೀರಾ? ಇದನ್ನ ಅಮ್ಮನಿಗೂ ಓದಿ ಹೇಳ್ತೀನಿ.

ರಾತ್ರಿಪಾಳಿ
ನಾನು ಆ ಕೋಣೆಯಲ್ಲಿ ಇರಲಿಲ್ಲ, ಹಾಗಾಗಿ ಖಡಾಖಂಡಿತ ಹೇಳಲ್ಲ. ಆದರೆ ಆ ಸದ್ದು ಒಂದೇ ಹಿಂಸೆಗೆ ಗುರುತಲ್ಲ. ಇದನ್ನ ಧೈರ್ಯವಾಗಿ ಹೇಳ್ತೀನಿ.

ನಿವೃತ್ತ ಸಭಾಪಾಲಕ
ತಂಗಿ, ಎರಡನೆಯ ಪ್ರಶ್ನೆಗೆ ಬರುತ್ತೇನೆ. ಇನ್ನೇನೂ ಕೇಳುವುದಿಲ್ಲ ಎಂದು ನಾನು ಸುಳ್ಳು ಹೇಳಲಾರೆ.

ಪ್ರೊಟೆಸ್ಟೆಂಟ್ ಸುಧಾರಕ ಜಾನ್ ನಾಕ್ಸ್ ಅವರದು ನಿಜವಾದ ಉದಾಹರಣೆ. 1547ರಲ್ಲಿ ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸಿನಲ್ಲಿ ತುಂಬಿದ ಸಭೆಯ ಮುಂದೆ, ನೀನು ಬೋಧಕನಾಗಬೇಕೆಂದು ಕರೆ ಕೊಟ್ಟಾಗ ಅವರು ಬಿಕ್ಕಿ ಬಿಕ್ಕಿ ಅತ್ತು ತಮ್ಮ ಕೋಣೆಗೆ ಹೋಗಿಬಿಟ್ಟರು. ಆಮೇಲೆ ಒಪ್ಪಿಕೊಂಡರು. ಅದೇ ವರ್ಷ ಅವರಿದ್ದ ಕೋಟೆ ಫ್ರೆಂಚರ ಕೈಗೆ ಬಿತ್ತು, ಇವರನ್ನು ಹಿಡಿದು ಹಡಗಿನಲ್ಲಿ ಹುಟ್ಟು ಹಾಕುವ ಸೆರೆಯಾಳನ್ನಾಗಿ ಮಾಡಿದರು. ಸುಮಾರು 19 ತಿಂಗಳು. ಅವರು ಹೆದರಿದ್ದರಲ್ಲಿ ಅರ್ಥವಿತ್ತು. ಕರೆಗೆ ಓಗೊಟ್ಟರೆ ಹೂವಿನ ಹಾಸಿಗೆ ಎಂದು ಹೇಳುವವರನ್ನು ನಂಬಬೇಡ.

ಪೇತ್ರನಿಗೆ ಕರ್ತನು ಇನ್ನೂ ನೇರವಾಗಿ ಹೇಳಿದ. ನನ್ನ ಕುರಿಗಳನ್ನು ಮೇಯಿಸು ಎಂದ ಬೆನ್ನಲ್ಲೇ ನೀನು ಎಂಥ ಮರಣ ಹೊಂದುವೆ ಎಂದು ತಿಳಿಸಿದ (ಯೋಹಾನ 21). ಆದರೆ ಎಲ್ಲರಿಗೂ ಹಾಗೆ ಹೇಳುವುದಿಲ್ಲ. ಅಬ್ರಹಾಮನಿಗೆ ನಾನು ತೋರಿಸುವ ದೇಶಕ್ಕೆ ಹೋಗು ಎಂದನೇ ಹೊರತು ನಕ್ಷೆ ಕೊಡಲಿಲ್ಲ. ಪೌಲನನ್ನು ನೋಡು. ಫಿಲಿಪ್ಪಿಯಲ್ಲಿ ಏಟು ತಿಂದು, ಥೆಸಲೊನೀಕ, ಬೆರೋಯಗಳಿಂದ ಓಡಿಸಿಕೊಂಡು, ಅಥೇನೆ ದಾಟಿ ಕೊರಿಂಥಕ್ಕೆ ಬಂದಾಗ ಬಲಹೀನನಾಗಿ, ಭಯದಿಂದ, ಬಹಳ ನಡುಗುತ್ತಾ ಬಂದೆ ಎಂದು ತಾನೇ ಬರೆದಿದ್ದಾನೆ. ಸೇವೆಯಲ್ಲಿ ಅಷ್ಟು ವರ್ಷ ಕಳೆದ ಮೇಲೂ! ಆಗ ರಾತ್ರಿ ದರ್ಶನದಲ್ಲಿ ಕರ್ತನು ಏನಂದ? ಹೆದರಬೇಡ, ಮಾತಾಡುತ್ತಲೇ ಇರು, ನಾನೇ ನಿನ್ನ ಸಂಗಡ ಇದ್ದೇನೆ, ಈ ಪಟ್ಟಣದಲ್ಲಿ ನನಗೆ ಬಹಳ ಜನ ಇದ್ದಾರೆ. ಅವನು ಅಲ್ಲಿ ಒಂದೂವರೆ ವರ್ಷ ನಿಂತ.

ನಾಳೆಯದನ್ನು ಇಂದು ನಿನ್ನಿಂದ ಕೇಳಿಲ್ಲ. ಇಂದು ಕೇಳಿರುವುದು ಗುಂಪಿನ ಜೊತೆ ಒಬ್ಬ ರೋಗಿಯ ಹತ್ತಿರ ಹೋಗುವುದು. ಅಷ್ಟಕ್ಕೆ ಉತ್ತರ ಕೊಡು. ಮುಂದೆ ಆತ ಇನ್ನೂ ಹೆಚ್ಚಿನದನ್ನು ಕೇಳಿದರೆ, ಕೇಳುವವನು ಯಾರೆಂದು ಅಷ್ಟು ಹೊತ್ತಿಗೆ ನಿನಗೆ ಈಗಿನದಕ್ಕಿಂತ ಚೆನ್ನಾಗಿ ಗೊತ್ತಿರುತ್ತದೆ. ನನ್ನ ಅನುಭವದಲ್ಲಿ ಎರಡನೆಯ ಭಯಕ್ಕೆ ಬೇರೆ ಮದ್ದು ಸಿಕ್ಕಿಲ್ಲ.

ಬೆರೋಯದವ
ಅಯ್ಯನವರೇ, ಇದಕ್ಕೆ ಅನನೀಯನನ್ನೂ ಸೇರಿಸಿ. ಸೌಲನ (ಆಮೇಲೆ ಪೌಲ ಅನ್ನಿಸಿಕೊಂಡವನ) ಹತ್ತಿರ ಹೋಗು ಅಂದಾಗ ಅವನು ಕರ್ತನಿಗೇ ತಿರುಗಿ ಹೇಳ್ತಾನೆ, ಈ ಮನುಷ್ಯ ನಿನ್ನ ಭಕ್ತರಿಗೆ ಎಷ್ಟು ಕೇಡು ಮಾಡಿದ್ದಾನೆ ಅಂತ ಕೇಳಿದ್ದೀನಿ ಅಂತ. ಭಯಕ್ಕೆ ಗಟ್ಟಿ ಆಧಾರ ಇತ್ತು, ಬರೀ ಕಲ್ಪನೆ ಅಲ್ಲ. ಆದರೂ ಹೋಗಿ, ಅವನ ಮೇಲೆ ಕೈಯಿಟ್ಟು ಆಡಿದ ಮೊದಲ ಮಾತು "ಸಹೋದರನಾದ ಸೌಲನೇ". ಕೃತ್ಯಗಳ ಪುಸ್ತಕದಲ್ಲಿ ಆಮೇಲೆ ಅನನೀಯನ ದೊಡ್ಡ ಕೆಲಸ ಯಾವುದೂ ಬರಲ್ಲ. ಒಂದು ಮನೆ, ಒಂದು ಭೇಟಿ. ಎಲ್ಲಾ ಕರೆಯೂ ಜೀವನವನ್ನೇ ತಲೆಕೆಳಗು ಮಾಡಬೇಕು ಅಂತೇನಿಲ್ಲ.

ನಡುದಾರಿ
ಇದು ನನಗೂ ಹಿಡಿಸಿತು. ಕರೆ ಅಂದ ಕೂಡಲೇ ಕೆಲಸ ಬಿಟ್ಟು ಪೂರ್ಣಾವಧಿ ಸೇವೆಗೆ ಹೋಗೋದು ಅಂತ ಎಲ್ಲರ ತಲೆಯಲ್ಲಿ ಕೂತಿದೆ. ಚಮ್ಮಾರನ, ತಾಯಿಯ, ರೈತನ ದಿನದ ಕೆಲಸವೂ ದೇವರು ಕೊಟ್ಟ ಕರೆಯೇ ಅಂತ ಜರ್ಮನಿಯ ಸುಧಾರಕ ಮಾರ್ಟಿನ್ ಲೂಥರ್ 500 ವರ್ಷದ ಹಿಂದೆಯೇ ಬೋಧಿಸಿದರು. ವಾರಕ್ಕೊಂದು ಮಧ್ಯಾಹ್ನ ಒಬ್ಬರ ಪಕ್ಕ ಕೂರೋದು ಪೂರ್ತಿ ಕರೆಯೇ, ಅರ್ಧ ಅಲ್ಲ.

ಮೂರು ಮಕ್ಕಳ ತಾಯಿ
ಗುರುಮಠದ ಹಾದಿ ತಮ್ಮಾ, ನಿಮ್ಮ ಮಾತನ್ನ ಮಗನಿಗೆ ತೋರಿಸಿದೆ. ಇಬ್ಬರೂ ಕೂತು ಮಾತಾಡಿದ್ವಿ. ಅವನಿಗೂ ಭಯ ಇದೆಯಂತೆ! ನನಗೆ ಹೇಳಿದ್ರೆ ನಾನು ಬೇಡ ಅಂತೀನಿ ಅಂತ ಮುಚ್ಚಿಟ್ಟಿದ್ದನಂತೆ.

ಜಯಧ್ವನಿ
ಸಿಸ್ಟರ್, ನಾನು ಮೊದಲ ದಿನದಿಂದ ನಿಮ್ಮ ಹೆಸರಿಲ್ಲದೇ ನಿಮಗಾಗಿ ಪ್ರಾರ್ಥಿಸ್ತಿದ್ದೀನಿ. ಪ್ರಾರ್ಥನೆಯಲ್ಲಿ ಭಯದ ವಿರುದ್ಧ ನಿಲ್ಲಬೇಕು ಅನ್ನೋ ನನ್ನ ಮಾತು ಬದಲಾಗಲ್ಲ. ಆದರೆ ಪ್ರಾರ್ಥನೆ ಆದಮೇಲೂ ಕೈ ನಡುಗಿದ್ರೆ ನಡುಗೋ ಕೈಯಲ್ಲೇ ಹೋಗಿ. ಹೊರಡೋ ದಿನ ಇಲ್ಲಿ ಒಂದು ಸಾಲು ಬರೀರಿ, ಆ ಹೊತ್ತಿಗೆ ಮೊಣಕಾಲೂರಿ ಇರ್ತೀನಿ.

ಸಾಸಿವೆಕಾಳು
ಖಂಡಿತ ಬರೀತೀನಿ ಬ್ರದರ್. ನಿನ್ನೆ ಅಕ್ಕನ ಹತ್ತಿರ ಎಲ್ಲಾ ಹೇಳಿದೆ, ಭಯದ ಬಗ್ಗೆಯೂ. ತರಬೇತಿ ಇದೆಯಂತೆ, ಮೊದಲು ಅವರ ಜೊತೆಗೇ ಹೋಗೋದಂತೆ. ಬರ್ತೀನಿ ಅಂದೆ. ರಾತ್ರಿಪಾಳಿ ಅಕ್ಕ, ಒಂದೇ ಪ್ರಶ್ನೆ. ರೋಗಿ "ನಾನು ಸಾಯ್ತೀನಾ?" ಅಂತ ನೇರವಾಗಿ ಕೇಳಿದ್ರೆ ಏನು ಹೇಳಲಿ?

ರಾತ್ರಿಪಾಳಿ
ಸುಳ್ಳು ಹೇಳಬೇಡಿ, "ಹಾಗೆಲ್ಲ ಮಾತಾಡಬಾರದು" ಅಂತ ಬಾಯಿ ಮುಚ್ಚಿಸಲೂಬೇಡಿ. ತಕ್ಷಣ ವಚನ ಶುರುಮಾಡಬೇಡಿ. "ನಿಮಗೆ ಏನನ್ನಿಸ್ತಿದೆ?" ಅಂತ ವಾಪಸ್ ಕೇಳಿ, ಆಮೇಲೆ ಸುಮ್ಮನೆ ಕೇಳಿಸ್ಕೊಳ್ಳಿ. ಬಹಳಷ್ಟು ಜನರಿಗೆ ಉತ್ತರ ಗೊತ್ತಿರುತ್ತೆ, ಮನೆಯವರು ಅಳ್ತಾರೆ ಅಂತ ಯಾರ ಹತ್ತಿರಾನೂ ಹೇಳ್ಕೊಂಡಿರಲ್ಲ. ನೋವು, ಔಷಧಿ, ಇನ್ನೆಷ್ಟು ದಿನ ಅನ್ನೋ ಪ್ರಶ್ನೆಗಳನ್ನ ನರ್ಸಿಗೋ ವೈದ್ಯರಿಗೋ ಮುಟ್ಟಿಸಿ, ನೀವು ಉತ್ತರಿಸಬೇಡಿ. ಪ್ರಾರ್ಥನೆ ಮಾಡಲಾ ಅಂತ ಕೇಳಿ, ಬೇಡ ಅಂದ್ರೆ ಬೇಡ. ಯಾವ ಕೀರ್ತನೆ ಅಂತಾನೂ ಅವರನ್ನೇ ಕೇಳಿ. ನಾವು 23 ಅಂತ ಹೋಗ್ತೀವಿ, ಕೆಲವರು 130 ಕೇಳ್ತಾರೆ. ಮಾತು ನಿಂತವರಿಗೂ ಕೇಳಿಸ್ತಿರಬಹುದು, ಹಾಗಾಗಿ ಅವರ ಮುಂದೆ ಅವರ ಬಗ್ಗೆ ಪಿಸುಗುಟ್ಟಬೇಡಿ.

ಮೌನಿ
ನಮ್ಮ ಸಭೆಯಲ್ಲಿ ಇಂಥ ಗುಂಪೇ ಇಲ್ಲ. ಶುರು ಮಾಡಬೇಕು ಅಂದ್ರೆ ಎಲ್ಲಿಂದ?

ರಾತ್ರಿಪಾಳಿ
ಹತ್ತಿರದ ಪ್ಯಾಲಿಯೇಟಿವ್ ಕೇರ್ ವಿಭಾಗದವರನ್ನ ಮೊದಲು ಭೇಟಿ ಮಾಡಿ, ಸ್ವಯಂಸೇವಕರಿಗೆ ಅವರ ನಿಯಮ ಏನು ಅಂತ ಕೇಳ್ಕೊಳ್ಳಿ. ಸಭೆಯಿಂದ ಕನಿಷ್ಠ ಇನ್ನೊಬ್ಬರನ್ನ ಹುಡುಕಿ, ಒಬ್ಬರೇ ಶುರು ಮಾಡಬೇಡಿ. ಉಳಿದದ್ದನ್ನ ಬೇರೆ ಎಳೆಯಲ್ಲಿ ವಿವರವಾಗಿ ಬರೀತೀನಿ, ಪಾಳಿ ಮುಗಿದ ಮೇಲೆ.